ಟೈಮ್ ತಪ್ಪಿದರೆ ಮೊದಲು ಪವರ್ ನೋಡಿ

ಜೇವರ್ಗಿ ತಾಲ್ಲೂಕಿನ ಕೊಳಕೂರಿನ ತೊಗರಿ ಹೊಲದಲ್ಲಿ ಮಣ್ಣಿನ ತೇವ ಅಳೆಯಲು ನಾವು ರಾಸ್ಪ್‌ಬೆರಿ ಪೈ 4 ಇಟ್ಟಿದ್ದೆವು. ರಾತ್ರಿ ಹೋದ ಕರೆಂಟ್ ಮಧ್ಯಾಹ್ನ ಬಂತು; ಆಮೇಲಿನ ರೀಡಿಂಗ್‌ಗಳಿಗೆಲ್ಲ ರಾತ್ರಿಯ ಟೈಮೇ ಬಿದ್ದಿತ್ತು. ಅಂಥ ಡೇಟಾ ನಂಬಿ ನೀರು ಬಿಟ್ಟರೆ ಬೆಳೆಗೇ ಪೆಟ್ಟು.

ಈ ಬೋರ್ಡಿನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕೊನೆಗೆ ಸೇವ್ ಆದ ಟೈಮ್‌ನಿಂದ ಶುರುವಾಗಿ, ನೆಟ್ ಸಿಕ್ಕಮೇಲೆ ಎನ್‌ಟಿಪಿ ಸರ್ವರ್ ಕೇಳಿ ಸರಿಮಾಡಿಕೊಳ್ಳುತ್ತೆ. ಹೊಲದಲ್ಲಿ ನೆಟ್ ಎಲ್ಲಿ?

ಮೊದಲು ಪವರ್ ನೋಡಿ. ಸುಮಾರು 4.63 ವೋಲ್ಟಿಗಿಂತ ಇಳಿದರೆ ಬೋರ್ಡು ಎಚ್ಚರಿಸುತ್ತೆ, ಸ್ಲೋ ಆಗುತ್ತೆ, ಕೆಲವೊಮ್ಮೆ ರೀಬೂಟೂ ಆಗುತ್ತೆ. ಎಷ್ಟೋ ಸಲ ತಪ್ಪು ತೆಳು ಕೇಬಲ್‌ನದು. 5 ವೋಲ್ಟ್, 3 ಆಂಪಿಯರ್ ಸಪ್ಲೈಗೆ ದಪ್ಪ, ಗಿಡ್ಡ ಕೇಬಲ್ ಹಾಕಿ.

ಆಮೇಲೆ ಡಿಎಸ್3231 ಗಡಿಯಾರ ಮಾಡ್ಯೂಲ್ ಕೂರಿಸಿ. ಫೋನಿನ ಹಾಟ್‌ಸ್ಪಾಟ್‌ನಿಂದ ಒಮ್ಮೆ ಟೈಮ್ ಸೆಟ್ ಮಾಡಿ. ಕರೆಂಟ್ ಹೋದರೂ ಅದು ಕಾಯಿನ್ ಸೆಲ್ ಮೇಲೆ ನಡೆಯುತ್ತೆ. ವರ್ಷಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ತಪ್ಪಲ್ಲ.