ಕ್ರಮವಿಧಿಯ ಓದು ಮತ್ತು ಬರೆಹ

ಗಣಕಯಂತ್ರವು ಮಾಡತಕ್ಕ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ವಿಧಿಸುವ ವಾಕ್ಯಸಮೂಹಕ್ಕೆ ಕ್ರಮವಿಧಿಯೆಂದು ಹೆಸರು. ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಕಲಿಯತೊಡಗಿದವರಲ್ಲಿ ಅನೇಕರು ಮೊದಲ ವರ್ಷದಲ್ಲಿಯೇ ಸೋಲುವರು. ಈ ಶಕ್ತಿಯು ಹುಟ್ಟಿನಿಂದ ಬರತಕ್ಕುದೇ ಹೊರತು ಕಲಿಸಿದರೆ ಬರುವುದಲ್ಲವೆಂಬ ಮಾತು ಅಧ್ಯಾಪಕರಲ್ಲಿ ಬಹುಕಾಲದಿಂದಲೂ ಉಂಟು. ಅದು ನಿಜವಾದರೆ ಸೋತವನಿಗೆ ಗತಿಯಿಲ್ಲ. ಸುಳ್ಳಾದರೆ ದೋಷವು ಪಾಠಕ್ರಮದ್ದು. ಆದುದರಿಂದ ಈ ವಿಷಯದಲ್ಲಿ ನಡೆದಿರುವ ಶೋಧನೆಗಳು ಪರಿಶೀಲನಾರ್ಹವಾಗಿವೆ.

2001ರಲ್ಲಿ ಮೈಕೇಲ್ ಮೆಕ್ರಾಕೆನ್ ಮತ್ತು ಅವರ ಸಂಗಡಿಗರು ನಾಲ್ಕು ವಿಶ್ವವಿದ್ಯಾನಿಲಯಗಳ 216 ವಿದ್ಯಾರ್ಥಿಗಳಿಗೆ ಕ್ರಮವಿಧಿಯನ್ನು ರಚಿಸುವ ಪರೀಕ್ಷೆಯನ್ನು ಕೊಟ್ಟರು. 110 ಅಂಕಗಳಿಗೆ ದೊರೆತ ಸರಾಸರಿಯು 23ನ್ನೂ ಮುಟ್ಟಲಿಲ್ಲ. ಸಮಸ್ಯೆಯನ್ನು ಬಿಡಿಸುವ ಶಕ್ತಿಯೇ ಇವರಲ್ಲಿ ಕಡಮೆಯೆಂದು ಊಹಿಸಲು ಇದರಿಂದ ಎಡೆಯಾಯಿತು. ಆದರೆ 2004ರಲ್ಲಿ ರೇಮಂಡ್ ಲಿಸ್ಟರ್ ಮೊದಲಾದವರು ಏಳು ದೇಶಗಳ ವಿದ್ಯಾರ್ಥಿಗಳಿಗೆ 12 ಪ್ರಶ್ನೆಗಳನ್ನಿತ್ತು, ಏನನ್ನೂ ಹೊಸದಾಗಿ ರಚಿಸಹೇಳದೆ, ಬರೆದಿಟ್ಟ ಕ್ರಮವಿಧಿಯ ಫಲವನ್ನು ತಿಳಿಸುವಂತೆಯೂ ಬಿಟ್ಟಿದ್ದ ಸಾಲನ್ನು ಆರಿಸುವಂತೆಯೂ ಕೇಳಿದರು. ಅನೇಕರು ಇಲ್ಲಿಯೂ ಎಡವಿದರು. ಎಂದರೆ, ಅವರಿಗೆ ಬರೆಯುವುದಕ್ಕಿಂತ ಮೊದಲು ಓದುವುದೇ ಬಾರದಾಗಿತ್ತು.

ಈ ಓದು ಎಂತಹದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 'ಗ' ಸ್ಥಾನದಲ್ಲಿ 'ಕ'ದ ಬೆಲೆಯನ್ನು ಇಡು. ಅನಂತರ 'ಕ' ಸ್ಥಾನದಲ್ಲಿ 'ಖ'ದ ಬೆಲೆಯನ್ನು ಇಡು. ಕಡೆಗೆ 'ಖ' ಸ್ಥಾನದಲ್ಲಿ 'ಗ'ದ ಬೆಲೆಯನ್ನು ಇಡು. ಮೊದಲು 'ಕ'ದಲ್ಲಿ 5, 'ಖ'ದಲ್ಲಿ 7 ಇದ್ದಿತೆಂದರೆ, ಕೊನೆಗೆ 'ಕ'ದಲ್ಲಿ 7, 'ಖ'ದಲ್ಲಿ 5 ಉಳಿಯುವುವು. ಹೀಗೆ ಬೆಲೆಗಳನ್ನು ಒಂದೊಂದಾಗಿ ಹಿಡಿದು ಸಾಗುವುದು ಒಂದು ಮೆಟ್ಟಿಲು. ಈ ಮೂರು ವಾಕ್ಯಗಳ ತಾತ್ಪರ್ಯವು ಎರಡು ಬೆಲೆಗಳ ಅದಲುಬದಲೆಂದು ಕಾಣುವುದು ಇನ್ನೊಂದು. ಲಿಸ್ಟರರೂ ಅವರ ಸಂಗಡಿಗರೂ 2006ರಲ್ಲಿ ಇಂತಹ ವಿವರಣೆಯನ್ನು ಕೇಳಿದಾಗ ಅಧ್ಯಾಪಕರು ಸಾಮಾನ್ಯವಾಗಿ ಒಟ್ಟು ಅರ್ಥವನ್ನು ಹೇಳಿದರು. ವಿದ್ಯಾರ್ಥಿಗಳಲ್ಲಿ ಅನೇಕರು ಸಾಲುಸಾಲಿಗೆ ಅರ್ಥವನ್ನು ಒಪ್ಪಿಸಿ ನಿಂತರು.

2008ರಲ್ಲಿ ಪ್ರಕಟವಾದ ಲೋಪೆಜ್ ಮೊದಲಾದವರ ಶೋಧನೆಯು, ಬೆಲೆಗಳನ್ನು ಹಿಡಿದು ಸಾಗುವ ಮತ್ತು ತಾತ್ಪರ್ಯವನ್ನು ಹೇಳುವ ಶಕ್ತಿಗಳಿಗೂ ರಚನಾಶಕ್ತಿಗೂ ಸಂಬಂಧವಿರುವುದನ್ನು ತೋರಿಸಿತು. ಸಂಬಂಧವಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ನಿರ್ಧರಿಸಲಾಗದು. ಆದರೂ ಓದನ್ನು ಕಲಿಸದೆ ಬರೆಹವನ್ನು ಪರೀಕ್ಷಿಸಿ, ಸೋತವನನ್ನು ಮಂದಬುದ್ಧಿಯೆಂದು ಕರೆಯುವುದು ನ್ಯಾಯವಲ್ಲವೆಂಬಷ್ಟು ಇದರಿಂದ ಸಿದ್ಧವಾಗುತ್ತದೆ.

ಸಾಹಿತ್ಯೋಪಾಧ್ಯಾಯರಿಗೆ ಈ ಮಾರ್ಗವು ಹೊಸದಲ್ಲ. ಹಳಗನ್ನಡ ಪದ್ಯವನ್ನು ಪಾಠಮಾಡುವಾಗ ನಾವು ಪದಚ್ಛೇದ, ಅನ್ವಯ, ತಾತ್ಪರ್ಯಗಳೆಂಬ ಕ್ರಮವನ್ನು ಅನುಸರಿಸುತ್ತೇವೆ. ಮೊದಲ ದಿನವೇ ಕಂದಪದ್ಯವನ್ನು ರಚಿಸೆಂದು ಶಿಷ್ಯನಿಗೆ ಹೇಳುವುದಿಲ್ಲ. ಕ್ರಮವಿಧಿಯನ್ನು ಕಲಿಸುವವರು ಈ ಕ್ರಮವನ್ನು ತಮ್ಮ ತರಗತಿಗಳಲ್ಲಿ ಅನುಸರಿಸಿ ನೋಡುವುದು ಯುಕ್ತವಾಗಿದೆ.