ಒಪ್ಪದವರ ಮುಂದೆ ಒಂದು ಚಿತ್ರ

ರಾಜಕೀಯ ವಿಷಯದ ಸಾಕ್ಷ್ಯಚಿತ್ರವೊಂದನ್ನು ನಮ್ಮ ಅಭಿಪ್ರಾಯದವರಿಗೇ ತೋರಿಸುವುದು ಕಷ್ಟದ ಕೆಲಸವಲ್ಲ. ಅವರು ಬರುತ್ತಾರೆ, ತಲೆದೂಗುತ್ತಾರೆ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಒಪ್ಪದವರ ಮುಂದೆ ಅದೇ ಚಿತ್ರವನ್ನು ಇಡುವುದು ಬೇರೆಯೇ ಒಂದು ವಿದ್ಯೆ. ಅದರ ಅ ಆ ಇ ಈ ಕಲಿಯಲು ನನಗೆ ಕಳೆದ ವರ್ಷ ಎರಡು ಸಂದರ್ಭಗಳು ಒದಗಿದವು. ಮೊದಲನೆಯದರಲ್ಲಿ ಸೋತೆನೆಂಬುದನ್ನು ಈಗಲೇ ಹೇಳಿಬಿಡುವುದು ಲೇಸು.

ಸಾಕ್ಷ್ಯಚಿತ್ರಗಳು ನಮ್ಮ ಹಿರಿಯರಿಗೆ ಹೊಸವಲ್ಲ. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ನಿನ ಕಿರುಚಿತ್ರಗಳನ್ನು ಚಿತ್ರಮಂದಿರಗಳಲ್ಲಿ ಕಥಾಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲವೊಂದಿತ್ತು. ಆದರೆ ಅವು ಸರ್ಕಾರದ ಚಿತ್ರಗಳು. ಸರ್ಕಾರವನ್ನು ಪ್ರಶ್ನಿಸುವ ಚಿತ್ರಕ್ಕೆ ಮಂದಿರವೂ ಇಲ್ಲ, ದೂರದರ್ಶನವೂ ಸುಲಭವಾಗಿ ಇಲ್ಲ. ಆದ್ದರಿಂದ ಅಂಥ ಚಿತ್ರವನ್ನು ತೆಗೆದವನೇ ಅದನ್ನು ಹೊತ್ತು ಊರೂರು ಅಲೆಯಬೇಕಾಗುತ್ತದೆ. ರಷ್ಯದ ಮೆದ್ವೆದ್ಕಿನ್ ಎಂಬ ನಿರ್ದೇಶಕ 1932ರಲ್ಲಿ ರೈಲುಗಾಡಿಯಲ್ಲೇ ಚಿತ್ರಶಾಲೆ ಕಟ್ಟಿಕೊಂಡು, ಕಾರ್ಖಾನೆಗಳಲ್ಲಿ ಚಿತ್ರ ತೆಗೆದು, ಅಲ್ಲಿಯ ಕಾರ್ಮಿಕರಿಗೇ ತೋರಿಸಿ ಚರ್ಚೆ ಹೂಡುತ್ತಿದ್ದನಂತೆ. ಆದರೆ ಅವನ ಬೆನ್ನಿಗೆ ಒಂದು ಸರ್ಕಾರವೇ ನಿಂತಿತ್ತು! ನಮ್ಮ ಆನಂದ್ ಪಟವರ್ಧನರ ಬೆನ್ನಿಗೆ ಯಾರೂ ನಿಂತಿರಲಿಲ್ಲ.

ಪಟವರ್ಧನರ 'ರಾಮ್ ಕೆ ನಾಮ್' 1992ರಲ್ಲಿ ಬಂದಿತು. ರಾಷ್ಟ್ರಪ್ರಶಸ್ತಿ ದೊರೆತರೂ ದೂರದರ್ಶನ ಅದನ್ನು ತೋರಿಸಲೊಪ್ಪಲಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮುಂದೆ 2002ರಲ್ಲಿ ಅವರು 'ಜಂಗ್ ಔರ್ ಅಮನ್', ಎಂದರೆ ಯುದ್ಧ ಮತ್ತು ಶಾಂತಿ, ಎಂಬ ಚಿತ್ರವನ್ನು ಮುಗಿಸಿದಾಗ ಸೆನ್ಸಾರಿನವರು 21 ಕಡೆ ಕತ್ತರಿ ಹಾಕಬೇಕೆಂದರು. ಅದೂ ನ್ಯಾಯಾಲಯಕ್ಕೆ ಹೋಗಿ, 2003ರಲ್ಲಿ ಒಂದು ಕತ್ತರಿಯೂ ಇಲ್ಲದೆ ಹೊರಬಿದ್ದಿತು. ಇವರ ಪದ್ಧತಿಯಲ್ಲಿ ನಾನು ಗಮನಿಸಿದ ಸಂಗತಿ ಒಂದಿದೆ. ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಇವರು ಎದುರಿಗೆ ನಿಂತು, ಸಿಟ್ಟಾದವರ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ಪ್ರದರ್ಶನವೆಂದರೆ ಅವರಿಗೆ ಆ ಚರ್ಚೆಯೂ ಸೇರಿದ್ದು.

'ಜಂಗ್ ಔರ್ ಅಮನ್' 1998ರ ಮೇ ತಿಂಗಳಿನಲ್ಲಿ ಭಾರತವು ಪೋಖ್ರಾನಿನಲ್ಲಿ, ಪಾಕಿಸ್ತಾನವು ಚಾಗಾಯಿಯಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳನ್ನು ಕುರಿತದ್ದು. ಗಾಂಧೀಜಿಯವರ ಹತ್ಯೆಯಿಂದ ಆರಂಭವಾಗಿ ಪೋಖ್ರಾನಿನ ಹಳ್ಳಿಗಳು, ಜಾದುಗೋಡದ ಯುರೇನಿಯಂ ಗಣಿ, ಪಾಕಿಸ್ತಾನ, ಹಿರೋಷಿಮಾಗಳವರೆಗೆ ಹೋಗುತ್ತದೆ. ಲಾಹೋರಿನ ಶಾಲೆಯೊಂದರ ಚರ್ಚಾಸ್ಪರ್ಧೆಯ ಭಾಗವನ್ನಂತೂ ನಮ್ಮ ಚರ್ಚಾಪಟುಗಳು ನೋಡಲೇಬೇಕು. ಅಲ್ಲಿ ಬಾಂಬಿನ ಪರವಾಗಿ ಆವೇಶದಿಂದ ಮಾತಾಡಿದ ಹುಡುಗಿ, ಆಮೇಲೆ ವಿಚಾರಿಸಿದಾಗ, ತಾನು ನಂಬುವುದು ಅದನ್ನಲ್ಲ ಎಂದು ನಗುತ್ತಾಳೆ. ಚಪ್ಪಾಳೆ ಯಾವ ಕಡೆ ಬೀಳುತ್ತದೆಂದು ಅವಳಿಗೆ ತಿಳಿದಿತ್ತು. ಬಾಂಬನ್ನು ಎರಡೂ ಕಡೆ ಟೀಕಿಸಿದ ಈ ಚಿತ್ರಕ್ಕೆ ಕರಾಚಿಯ ಚಿತ್ರೋತ್ಸವದಲ್ಲಿಯೂ ಬಹುಮಾನ ಬಂದದ್ದು ಆಶ್ಚರ್ಯವಲ್ಲ.

ಇಂಥ ಚಿತ್ರವನ್ನು ನಾನು ಮೊದಲು ತೋರಿಸಿದ್ದು ನಾವು ಕೆಲವು ವಿದ್ಯಾರ್ಥಿಗಳು ಬಾಡಿಗೆಗಿರುವ ಮನೆಯ ಮಹಡಿಯಲ್ಲಿ. ಬೇರೆ ವಿಚಾರದ ಗೆಳೆಯರನ್ನೂ ಕರೆದಿದ್ದೆ. ಅವರಲ್ಲೊಬ್ಬ ಮೊದಲ ವರ್ಷದಿಂದ ನನ್ನ ಬೆಂಚಿನವನು. ಮಾಡಿದ ತಪ್ಪೇನೆಂದರೆ, ಚಿತ್ರಕ್ಕೆ ಮುಂಚೆ ಇಪ್ಪತ್ತು ನಿಮಿಷ ಭಾಷಣ ಬಿಗಿದೆ. ಏನು ನೋಡಬೇಕು, ನೋಡಿ ಏನು ತಿಳಿಯಬೇಕು ಎಂಬುದನ್ನೆಲ್ಲ ನಾನೇ ಹೇಳಿದೆ. ಸಭಿಕರಲ್ಲಿ ಅರ್ಧ ಮಂದಿ ಅಪರಾಧಿಗಳಂತೆ ಕುಳಿತರು. ಚಿತ್ರದಲ್ಲಿ ನಾಯಕರನ್ನು ಹಾಸ್ಯಾಸ್ಪದವಾಗಿ ಕಾಣಿಸುವ ತುಣುಕುಗಳು ಬಂದಾಗ ನಮ್ಮ ಕಡೆಯವರು ಗಹಗಹಿಸಿ ನಕ್ಕೆವು. ಗೆಳೆಯ ಎದ್ದು ಹೋದ. ಮರುದಿನ ಬೆಂಚನ್ನೂ ಬದಲಾಯಿಸಿದ. ಆ ಹಾಸ್ಯದ ತುಣುಕುಗಳು ಚಿತ್ರದ ಅತಿ ದುರ್ಬಲ ಭಾಗವೆಂದು ನನಗೆ ಈಗಲೂ ಅನಿಸುತ್ತದೆ. ಒಪ್ಪಿದವರಿಗೆ ಅವು ಬೇಕಿಲ್ಲ; ಒಪ್ಪದವರು ಅಲ್ಲಿ ಕಿವಿ ಮುಚ್ಚಿಕೊಳ್ಳುತ್ತಾರೆ.

ಎರಡನೆಯ ಪ್ರದರ್ಶನ ನಡೆದದ್ದು ನಮ್ಮೂರಿನಲ್ಲಿ, ದಸರೆಯ ರಜೆಯಲ್ಲಿ. ನಮ್ಮ ದೊಡ್ಡಪ್ಪ ಸೇನೆಯಲ್ಲಿದ್ದು ನಿವೃತ್ತರಾದವರು. 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ಕಾಶ್ಮೀರದಲ್ಲಿದ್ದವರು. ಬಾಂಬು ಬೇಡವೆನ್ನುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಚಿತ್ರದ ವಿಷಯ ಕೇಳಿ, "ತಾ ನೋಡೋಣ. ಆದರೆ ನೀನು ಬಾಯಿ ಬಿಡಕೂಡದು" ಎಂದರು. ಜಗುಲಿಯ ಗೋಡೆಗೆ ಅವರದೇ ಒಂದು ಬಿಳಿ ಪಂಚೆಯನ್ನು ಕಟ್ಟಿದೆವು. ಅವರ ಜೊತೆಯ ಮಾಜಿ ಸೈನಿಕರು ಇಬ್ಬರು, ನೆರೆಹೊರೆಯ ಹೆಂಗಸರು, ಮಕ್ಕಳು, ಎಲ್ಲ ಸೇರಿ ಮೂವತ್ತು ಜನ ಕೂಡಿದ್ದರು.

ಅಲ್ಲೊಂದು ತೊಡಕು ಎದ್ದಿತು. ಚಿತ್ರದ ಹಿಂದಿ ಊರಿನವರಿಗೆ ಬಾರದು. ಸೈನ್ಯದಲ್ಲಿದ್ದವರಿಗೆ ಮಾತ್ರ ಬರುತ್ತದೆ. "ಏನಂತೆ, ಏನಂತೆ?" ಎಂದು ಅಜ್ಜಿ ಕೇಳತೊಡಗಿದರು. ದೊಡ್ಡಪ್ಪ ಎರಡು ಸಲ ಸುಮ್ಮನಿದ್ದು, ಮೂರನೆಯ ಸಲಕ್ಕೆ ಹೇಳಲಾರಂಭಿಸಿದರು. ಇಂಗ್ಲಿಷ್ ಬಂದಾಗ ನನ್ನ ಕಡೆ ನೋಡುವರು. ನಾನು ಮೆಲ್ಲಗೆ ಹೇಳಿದ್ದನ್ನು ಗಟ್ಟಿಯಾಗಿ ಹೇಳುವರು. ಹೀಗೆ ಒಪ್ಪದವರೇ ಚಿತ್ರದ ದುಭಾಷಿಯಾದರು!

ನನಗೂ ಅಷ್ಟಿಷ್ಟು ಹಿಂದಿ ತಿಳಿಯುತ್ತದೆ. ಅವರು ಎಲ್ಲಿ ಬಿಡುತ್ತಾರೆ, ಎಲ್ಲಿ ತಿರುಚುತ್ತಾರೆ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಅವರು ಏನನ್ನೂ ಬಿಡಲಿಲ್ಲ. "ಇದು ಶುದ್ಧ ಸುಳ್ಳು, ಆದರೂ ಹೇಳುತ್ತೇನೆ ಕೇಳಿ" ಎಂದು ಪೀಠಿಕೆ ಹಾಕಿ, ಇದ್ದುದನ್ನು ಇದ್ದಂತೆಯೇ ಹೇಳಿದರು. ಪೋಖ್ರಾನಿನ ಬಳಿಯ ಖೇತೋಲಾಯಿ ಎಂಬ ಹಳ್ಳಿಯ ಜನ ತಮ್ಮ ಕಷ್ಟವನ್ನು ಹೇಳಿಕೊಳ್ಳುವ ಭಾಗ ಬಂದಾಗ ಪೀಠಿಕೆ ನಿಂತಿತು. ಆ ರೈತರ ಮಾತು ನಮ್ಮ ಸೀಮೆಯ ಕನ್ನಡದಲ್ಲಿ, ನಮ್ಮ ದೊಡ್ಡಪ್ಪನ ದನಿಯಲ್ಲಿ, ಪಕ್ಕದ ಹೊಲದವನು ಹೇಳಿದ ಹಾಗೆ ಕೇಳಿಸಿತು. ಜಗುಲಿಯಲ್ಲಿ ಯಾರೂ ಮಿಸುಕಲಿಲ್ಲ.

ದೊಡ್ಡಪ್ಪನ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ. ಚಿತ್ರ ಮುಗಿದ ಮೇಲೆ, "ಬಾಂಬು ಬೇಕು ಕಣೋ. ಇಲ್ಲದಿದ್ದರೆ ಅವರು ನಮ್ಮನ್ನು ಬದುಕಗೊಡುವುದಿಲ್ಲ" ಎಂದೇ ಅಂದರು. ಅವರ ಜೊತೆಯವರೊಬ್ಬರು ಮಾತ್ರ, "ಗಡಿಯಲ್ಲಿ ನಿಲ್ಲುವವರು ನಾವು. ಬೇಕೋ ಬೇಡವೋ ಎಂದು ನಮ್ಮನ್ನು ಯಾರು ಕೇಳಿದರು?" ಎಂದರು. ಅದರ ಮೇಲೆ ಆ ಇಬ್ಬರಲ್ಲಿಯೇ ವಾದ ಹತ್ತಿಕೊಂಡು ರಾತ್ರಿ ಹನ್ನೊಂದು ದಾಟಿತು. ನಾನು ಮಾತು ಕೊಟ್ಟಂತೆ ಬಾಯಿ ಬಿಡಲಿಲ್ಲ. ಮಹಡಿಯ ಮೇಲೆ ನಾನು ಇಪ್ಪತ್ತು ನಿಮಿಷ ಕೂಗಿದರೂ ಏಳದ ಪ್ರಶ್ನೆ ಇಲ್ಲಿ ತಾನಾಗಿ ಎದ್ದಿತ್ತು.

ಮಲಗುವ ಮುಂಚೆ ದೊಡ್ಡಪ್ಪ ಪಂಚೆಯನ್ನು ಬಿಚ್ಚಿ ಮಡಿಸುತ್ತ, "ಕಾಲೇಜಿನಲ್ಲಿ ಇದನ್ನು ತೋರಿಸಿದೆಯಾ?" ಎಂದು ಕೇಳಿದರು. ನಡೆದದ್ದನ್ನು ಹೇಳಿದೆ.

"ನೀವು ನಕ್ಕಿರಾ?"

"ನಕ್ಕೆವು, ದೊಡ್ಡಪ್ಪ."

"ಮತ್ತೆ ಎದ್ದು ಹೋಗದೆ ಏನು ಮಾಡುತ್ತಾನೆ? ಅವನನ್ನು ಇಲ್ಲಿಗೆ ಕರೆದುಕೊಂಡು ಬಾ."

ರಜೆ ಮುಗಿದು ಬಂದ ಮೇಲೆ ಗೆಳೆಯನ ಹೊಸ ಬೆಂಚಿನವರೆಗೆ ಹೋಗಿ ಈ ಮಾತನ್ನು ಮುಟ್ಟಿಸಿದೆ. ಮೊದಲು ತಿರುಗಿಯೂ ನೋಡಲಿಲ್ಲ. ಆಮೇಲೆ, ನಿಮ್ಮ ದೊಡ್ಡಪ್ಪ ಯಾವ ರೆಜಿಮೆಂಟಿನಲ್ಲಿದ್ದರು ಎಂದು ಕೇಳಿದ. ಯುಗಾದಿಗೆ ನಮ್ಮೂರಿಗೆ ಬರುತ್ತೇನೆಂದಿದ್ದಾನೆ.