ಗುಂಪಿನ ಬಲ, ಒಬ್ಬೊಬ್ಬರ ಹೊಣೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹೆಸರಾಂತ ವೃತ್ತಿಪರ ಫುಟ್‌ಬಾಲ್ ಕ್ಲಬ್ ಯಾವುದೂ ಇಲ್ಲದಿರುವುದರಿಂದ, ಇಂಗ್ಲೆಂಡಿನ ಫುಟ್‌ಬಾಲ್ ಪುಂಡಾಟಿಕೆ, ಅಂದರೆ ಪಂದ್ಯದ ನೆಪದಲ್ಲಿ ಎದುರಾಳಿ ತಂಡದ ಅಭಿಮಾನಿಗಳೊಡನೆ ಬೇಕೆಂದೇ ನಡೆಸುವ ಸಾಮೂಹಿಕ ಹೊಡೆದಾಟ, ಇಲ್ಲಿನವರಿಗೆ ದೂರದ ಸುದ್ದಿಯಾಗಿ ತೋರುವುದು ಸಹಜ. ಆದರೆ ಆ ಹೊಡೆದಾಟದಲ್ಲಿ ಚೆಂಡಿನ ಪಾಲೆಷ್ಟು, ಗುಂಪಿನ ಪಾಲೆಷ್ಟು ಎಂದು ಬಿಡಿಸಿ ನೋಡಿದಾಗ ಗುಂಪಿನ ಪಾಲೇ ಹಿರಿದೆಂದು ಕಾಣುತ್ತದೆ. ಗುಂಪಿಗಾದರೋ ಕ್ಲಬ್ಬೇ ಬೇಕೆಂದಿಲ್ಲ.

1970 ಮತ್ತು 80ರ ದಶಕಗಳಲ್ಲಿ ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಬೆನ್ನಿಗೆ ಇಂಥ ಗುಂಪುಗಳು ಬೆಳೆದವು. ಇವಕ್ಕೆ ‘ಫರ್ಮ್’ ಎಂಬ ಹೆಸರಿದ್ದರೂ ಇವು ನೋಂದಾಯಿತ ಸಂಸ್ಥೆಗಳಾಗಿರಲಿಲ್ಲ. ಕ್ಲಬ್ಬಿನ ಆಡಳಿತಕ್ಕೂ ಇವಕ್ಕೂ ಸಂಬಂಧವಿರಲಿಲ್ಲ. ವೆಸ್ಟ್ ಹ್ಯಾಮ್ ತಂಡದ ಬೆಂಬಲಿಗರ ‘ಇಂಟರ್ ಸಿಟಿ ಫರ್ಮ್’ ತನ್ನ ಸದಸ್ಯರು ಪ್ರಯಾಣಿಸುತ್ತಿದ್ದ ರೈಲಿನ ಹೆಸರನ್ನೇ ಇಟ್ಟುಕೊಂಡಿತ್ತು. ಚೆಲ್ಸಿಯ ‘ಹೆಡ್‌ಹಂಟರ್ಸ್’, ಲೀಡ್ಸ್‌ನ ‘ಸರ್ವಿಸ್ ಕ್ರ್ಯೂ’ ಅದೇ ಕಾಲದ ಇತರ ಗುಂಪುಗಳು. ಹೊಡೆದಾಟದಲ್ಲಿ ಹೆಸರು ಗಳಿಸಿದವರು ಮುಂದಾಳುಗಳಾಗುತ್ತಿದ್ದರು, ಕಿರಿಯರು ಅವರ ಬೆನ್ನಹಿಂದೆ ನಿಂತು ಪಳಗುತ್ತಿದ್ದರು. ತಂಡದ ಬಣ್ಣ ತೊಟ್ಟವರ ಮೇಲೆ ಪೊಲೀಸರ ಕಣ್ಣಿರುತ್ತಿದ್ದುದರಿಂದ ಹಲವರು ಹೆಸರಾಂತ ಕಂಪನಿಗಳ ಬೆಲೆಬಾಳುವ ಸಾದಾ ಉಡುಪು ತೊಡಲಾರಂಭಿಸಿದರು, ‘ಕ್ಯಾಷುವಲ್’ ಎಂಬ ಉಡುಗೆಯ ಶೈಲಿ ಅಲ್ಲಿಂದ ಬೆಳೆಯಿತು.

ಈ ವರ್ತನೆಯನ್ನು ವಿದ್ವಾಂಸರು ಬೇರೆಬೇರೆ ರೀತಿಯಲ್ಲಿ ವಿವರಿಸಿದ್ದಾರೆ. ಮನಶ್ಶಾಸ್ತ್ರಜ್ಞ ಪೀಟರ್ ಮಾರ್ಷ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊರಗಿನವರಿಗೆ ಬರೀ ಗಲಭೆಯಾಗಿ ಕಾಣುವ ಈ ವರ್ತನೆಗೆ ಒಳಗಿನವರು ಒಪ್ಪಿಕೊಂಡ ನಿಯಮಗಳಿವೆಯೆಂದು ವಾದಿಸಿತು. ಲೆಸ್ಟರ್ ವಿಶ್ವವಿದ್ಯಾಲಯದ ಎರಿಕ್ ಡನಿಂಗ್ ಮತ್ತು ಸಹೋದ್ಯೋಗಿಗಳು, ಗಂಡಸುತನವನ್ನು ತೋಳ್ಬಲದಿಂದ ಅಳೆಯುವ ದುಡಿಯುವ ವರ್ಗದ ಕೆಲವು ಬಡಾವಣೆಗಳ ಜೀವನಕ್ರಮದಲ್ಲಿ ಇದರ ಬೇರನ್ನು ಗುರುತಿಸಿದರು. ಬಿಡಿಯಾಗಿ ಯಾರೂ ಗುರುತಿಸದ ಹುಡುಗನಿಗೆ ಗುಂಪು ಹೆಸರನ್ನೂ ಭಯಭಕ್ತಿಯನ್ನೂ ತಂದುಕೊಡುತ್ತಿತ್ತು ಎಂಬುದು ಈ ಎರಡು ವಾದಗಳಿಂದಲೂ ಹೊರಡುವ ಮಾತು.

ಮುಂದೆ ಫರ್ಮ್‌ಗಳ ಮಾಜಿ ಸದಸ್ಯರೇ ಆತ್ಮಕಥನಗಳನ್ನು ಬರೆದರು. ಬಿಳಿಯರ ಮನೆಯಲ್ಲಿ ಸಾಕುಮಗುವಾಗಿ ಬೆಳೆದು, ಇಂಟರ್ ಸಿಟಿ ಫರ್ಮ್‌ನ ಮುಂದಾಳಾಗಿ, ಜೈಲುವಾಸ ಕಂಡು, ಅನಂತರ ಲೇಖಕರಾದ ಕಪ್ಪುವರ್ಣೀಯ ಕ್ಯಾಸ್ ಪೆನಂಟ್ ಅವರ ಬದುಕು 2008ರಲ್ಲಿ ಚಲನಚಿತ್ರವೂ ಆಯಿತು. ಜನಾಂಗದ್ವೇಷ ದಟ್ಟವಾಗಿದ್ದ ಕಾಲದಲ್ಲಿ ಅಂಥವರಿಗೂ ಗುಂಪು ಆಸರೆಯಾಗಿದ್ದುದು ನಿಜ. ಆದರೆ ಈ ಬಗೆಯ ಕಥನಗಳಲ್ಲಿ ಗೆಳೆತನ, ಕೆಚ್ಚು, ಪ್ರಯಾಣದ ಮೋಜು ವಿಸ್ತಾರವಾಗಿ ಬರುವಷ್ಟು, ಏಟು ತಿಂದವನ ಬದುಕು ಮುಂದೆ ಏನಾಯಿತೆಂಬುದು ಬರುವುದು ಅಪರೂಪ.

1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಬೆಂಬಲಿಗರು ಎದುರಾಳಿ ಯುವೆಂಟಸ್ ತಂಡದ ಕಡೆಯವರತ್ತ ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. ಇಂಗ್ಲೆಂಡಿನ ಕ್ಲಬ್ಬುಗಳೆಲ್ಲವನ್ನೂ ಯೂರೋಪಿನ ಪಂದ್ಯಗಳಿಂದ ಹೊರಗಿಟ್ಟದ್ದು ಸಾಮೂಹಿಕ ಶಿಕ್ಷೆಯಾದರೆ, 1989ರಲ್ಲಿ ಬೆಲ್ಜಿಯಂ ನ್ಯಾಯಾಲಯ 14 ಜನರನ್ನು ಹೆಸರು ಹಿಡಿದು ಅಪರಾಧಿಗಳೆಂದು ತೀರ್ಮಾನಿಸಿದ್ದು ವೈಯಕ್ತಿಕ ಹೊಣೆಗಾರಿಕೆ. ಅದೇ ವರ್ಷದ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿಗೆ 97 ಮಂದಿ ಬಲಿಯಾದಾಗ, ಪೊಲೀಸರು ತಮ್ಮ ವೈಫಲ್ಯವನ್ನು ಮರೆಮಾಚಿ ಅಭಿಮಾನಿಗಳನ್ನೇ ದೂರಿದರು. ಆ ಅಭಿಮಾನಿಗಳ ತಪ್ಪಿರಲಿಲ್ಲವೆಂದು ಮರಣ ವಿಚಾರಣೆಯ ಜ್ಯೂರಿ ಹೇಳುವ ಹೊತ್ತಿಗೆ 2016 ಬಂದಿತ್ತು. ಕೆಲವರ ಪುಂಡಾಟಿಕೆಗಾಗಿ ಎಲ್ಲ ಅಭಿಮಾನಿಗಳನ್ನೂ ಪುಂಡರೆಂದು ಬಗೆದರೆ ಎಂಥ ಅನ್ಯಾಯವಾಗುತ್ತದೆಂಬುದಕ್ಕೆ ಇದು ನಿದರ್ಶನ.

ಕೊಪ್ಪಳ ಜಿಲ್ಲೆಯಲ್ಲಿ ಫರ್ಮ್‌ಗೆ ಹೊರನೋಟಕ್ಕೆ ಹತ್ತಿರವಾದದ್ದೆಂದರೆ ಸಿನಿಮಾ ನಟರ ಅಭಿಮಾನಿ ಸಂಘ. ತುಂಗಭದ್ರಾ ಕಾಲುವೆಯ ನೀರನ್ನು ನೆಚ್ಚಿ ಆಂಧ್ರದಿಂದ ಬಂದ ರೈತರ ‘ಕ್ಯಾಂಪ್’ಗಳು, ಅಂದರೆ ಹೊಸದಾಗಿ ಕಟ್ಟಿದ ವಸತಿಗಳು, ಗಂಗಾವತಿ ಭಾಗದಲ್ಲಿ ನೆಲೆಗೊಂಡಿರುವುದರಿಂದ ಇಲ್ಲಿ ಕನ್ನಡದ ನಟರಿಗಲ್ಲದೆ ತೆಲುಗು ನಟರಿಗೂ ಅಭಿಮಾನಿಗಳಿದ್ದಾರೆ. ಕಟೌಟ್ ನಿಲ್ಲಿಸುವ ಪೈಪೋಟಿ, ಹಾಲಿನ ಅಭಿಷೇಕ, ಮೊದಲ ಆಟದ ಗದ್ದಲ ಇವೆಲ್ಲ ಇದ್ದರೂ ಈ ಸಂಘಗಳು ಹೊಡೆದಾಟಕ್ಕೆಂದು ಹುಟ್ಟಿದವಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದ ಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ನೋಂದಾಯಿಸಿದವರ ಸಂಖ್ಯೆ ಏರಿದ್ದು ಇದೇ ಅಭಿಮಾನದ ಇನ್ನೊಂದು ಫಲ.

ಈ ಸೀಮೆಯ ಘೋರ ಗುಂಪು ಹಿಂಸೆಯೊಂದು ಚಿತ್ರಮಂದಿರದಲ್ಲೇ ಮೊದಲಾಯಿತಾದರೂ ಅದಕ್ಕೆ ಕಾರಣ ಅಭಿಮಾನವಲ್ಲ. 2014ರ ಆಗಸ್ಟ್ ಕೊನೆಯಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟ್ ವಿಚಾರವಾಗಿ ಎದ್ದ ಜಗಳ ಮರಕುಂಬಿ ಗ್ರಾಮವನ್ನು ತಲುಪುವಷ್ಟರಲ್ಲಿ ಜಾತಿಯ ಜಗಳವಾಗಿ, ದಲಿತರ ಕೇರಿಯ ಮೇಲೆ ಗುಂಪು ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಫರ್ಮ್‌ಗೆ ಸೇರಲು ಹುಡುಗನೊಬ್ಬ ಧೈರ್ಯ ತೋರಬೇಕಿತ್ತು, ಬೇಡವೆನಿಸಿದರೆ ಬಿಟ್ಟು ಬರಬಹುದಿತ್ತು. ಜಾತಿಯ ಗುಂಪಿಗೆ ಸದಸ್ಯತ್ವ ಹುಟ್ಟಿನಿಂದಲೇ ಬರುತ್ತದೆ, ಅದರ ಎದುರಾಳಿಯೂ ಅದೇ ಊರಿನ ಇನ್ನೊಂದು ಓಣಿಯಲ್ಲಿ ದಿನವೂ ಬದುಕುತ್ತಿರುತ್ತಾನೆ. ಹೀಗಾಗಿ ಇಲ್ಲಿನ ಹಿಂಸೆ ಪಂದ್ಯದ ದಿನಕ್ಕೆ ಮುಗಿಯುವಂಥದಲ್ಲ.

ಹತ್ತು ವರ್ಷಗಳ ವಿಚಾರಣೆಯ ಬಳಿಕ, 2024ರ ಅಕ್ಟೋಬರ್ 24ರಂದು, ಕೊಪ್ಪಳ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಇವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನ ಧಾರವಾಡ ಪೀಠದಿಂದ ಜಾಮೀನು ದೊರೆತಿದೆಯಾದರೂ, ಗುಂಪು ಮಾಡಿದ್ದಕ್ಕೆ ಯಾರೂ ಹೊಣೆಯಲ್ಲವೆಂಬ ನಂಬಿಕೆಗೆ ಆ ತೀರ್ಪು ಪೆಟ್ಟು ಕೊಟ್ಟಿತು.

ಹಿಂಸೆಯನ್ನು ನೆನೆಯುವ ಬಗೆಯಲ್ಲೂ ಈ ಹೊಣೆಯ ಪ್ರಶ್ನೆ ಇದ್ದೇ ಇದೆ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಅಭಿಮಾನಿಗಳ ಗಲಭೆಯಲ್ಲಿ 16 ಜನ ಸತ್ತಾಗ, ಆ ನಗರವು ಆ ದಿನವನ್ನು ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ರಕ್ತದಾನದ ಮೂಲಕ ಆಚರಿಸುವ ಪರಿಪಾಠವನ್ನಿಟ್ಟುಕೊಂಡಿತು. ಹೊಡೆದವರ ಸಾಹಸವಲ್ಲ, ಸತ್ತವರ ನೆನಪು ಅದರ ತಿರುಳು. ಫರ್ಮ್‌ನ ಮಾಜಿ ಸದಸ್ಯರ ಪುಸ್ತಕಗಳು ಹೊಡೆದವನಿಂದ ಕಥೆ ಹೇಳಿಸುತ್ತವೆ. ನ್ಯಾಯಾಲಯದ ಕಟಕಟೆ ಏಟು ತಿಂದವನನ್ನೂ ಸಾಕ್ಷಿಯಾಗಿ ಕರೆಯುತ್ತದೆ. ಮರಕುಂಬಿಯ ಕಥೆಯನ್ನು ಮುಂದೆ ಯಾರೇ ಬರೆದರೂ ಸುಟ್ಟ ಗುಡಿಸಲಿನವರ ಸಾಕ್ಷ್ಯದಿಂದಲೇ ತೊಡಗಬೇಕಾಗುತ್ತದೆ, ಏಕೆಂದರೆ ಗುಂಪಿನೊಳಗೆ ಅಡಗಿದ್ದವರನ್ನು ಒಬ್ಬೊಬ್ಬರಾಗಿ ಗುರುತಿಸಲು ನೆರವಾದದ್ದು ಅಂಥ ಸಾಕ್ಷ್ಯವೇ.